ದೆವ್ವದ ಸಿನಿಮಾಕ್ಕ ಕತ್ತಲಿ ಬೇಕ್ರಿ

ಹಳೇ ದೆವ್ವದ ಸಿನಿಮಾ ಈಗ ಮನ್ಯಾಗ, ಮೊಬೈಲ್‌ನಾಗ ಸಿಗ್ತಾವು. ಹೆದರಿಕಿ ಮಾತ್ರ ಸಿಗವಲ್ದು.

1979ರ ‘ನಾ ನಿನ್ನ ಬಿಡಲಾರೆ’ ತಗೋರಿ. ಗ್ರಾಫಿಕ್ಸ್ ಇಲ್ಲದ ಕಾಲ. ದೆವ್ವದ ಕೆಲಸ ಪೂರ್ತಿ ಅನಂತನಾಗ್ ಅವರ ಕಣ್ಣು, ಕುತ್ತಿಗಿ, ನಗುವಿನ ಮ್ಯಾಲೆ ನಿಂತೈತಿ. ಉಳಿದದ್ದು ರಾಜನ್-ನಾಗೇಂದ್ರ ಅವರ ಸಂಗೀತ. ಮುಂದ 1981ರಾಗ ಹಿಂದಿಯೊಳಗ ‘ಮಂಗಳಸೂತ್ರ’ ಆತು, ಅಲ್ಲೂ ಅನಂತನಾಗ್ ಅವರೇ.

ಮನ್ಯಾಗ ಏನಾಗ್ತೈತಿ? ದೆವ್ವ ಇನ್ನೇನು ಮೈಮ್ಯಾಲೆ ಬರಬೇಕು, ಅಷ್ಟರಾಗ ಒಳಗಿಂದ ‘ಸ್ವಲ್ಪ ನಿಂದರಸ್ರಿ, ಹಾಲು ಉಕ್ಕಾಕತ್ತೈತಿ’ ಅಂತ ದನಿ. ಪಾಪ, ದೆವ್ವ ಬಾಯಿ ತಕ್ಕೊಂಡು ಹಂಗ ನಿಂತಿರ್ತೈತಿ. ತಿರುಗಿ ಹಚ್ಚಿದ್ರ ಬರೋದು ನಗು. ಉಪೇಂದ್ರ ಅವರ ‘ಶ್!’ (1993) ಇದಕ್ಕ ಬಗ್ಗಂಗಿಲ್ಲ; ಈ ದೆವ್ವದಾಟ ಯಾರು ಮಾಡಾಕತ್ತಾರ ಅನ್ನೋ ಕುತೂಹಲ ನಡುವ ಏಳಾಕ ಬಿಡಂಗಿಲ್ಲ.

ಮುಂಡರಗಿ ಕಡಿ ಹೊಲದ ಮನ್ಯಾಗ ನೋಡೋರು ಪುಣ್ಯವಂತ್ರು. ಹೊರಗ ಕಗ್ಗತ್ತಲಿ, ಕಪ್ಪತಗುಡ್ಡದ ಮ್ಯಾಲೆ ಗಾಳಿಯಂತ್ರದ ಕೆಂಪು ದೀಪ ಮಿಣಕ್ ಮಿಣಕ್. ನಮ್ಮ ಬೆಟಗೇರಿ ಓಣ್ಯಾಗ ಮಗ್ಗದ ಸಪ್ಪಳಕ್ಕ ದೆವ್ವನ ಅಂಜಿ ಓಡ್ತೈತಿ.

ಅದಕ್ಕ ಹೇಳ್ತೀನಿ: ಹಾಲು ಮೊದಲ ಕಾಸಿಡ್ರಿ, ದೀಪ ಆರಿಸ್ರಿ, ಹೆಡ್‌ಫೋನ್ ಹಾಕ್ಕೊಳ್ರಿ. ‘ನಾ ನಿನ್ನ ಬಿಡಲಾರೆ’ ಕಥಿ ಕೊನಿಗೆ ಮಂತ್ರಾಲಯ ಮುಟ್ಟೋತನಕ ನಿಂದರಿಸಬ್ಯಾಡ್ರಿ.