ಬಿಸಾಕಿ ಅಂದ ಗಿಟಾರು



ಹೋದ ತಿಂಗಳ ಕಾರ್ಯಕ್ರಮದಲ್ಲಿ ಹಾಡಿನ ಮಧ್ಯೆ ಕರಕರ ಅಂತ ಸದ್ದು ಮಾಡಿ ಗಿಟಾರು ನಿಂತೇ ಹೋಯ್ತಲ್ಲ, ಅದೇನಾಯ್ತು ಅಂತ ಸುಮಾರು ಜನ ಕೇಳಿದ್ರಿ. ಹೇಳ್ತೀನಿ, ಸ್ವಲ್ಪ ಉದ್ದ ಇದೆ.

ಮೊದಲಿಗೆ, ಆ ಎಲೆಕ್ಟ್ರಿಕ್ ಗಿಟಾರು ನಂದಲ್ಲ. ಕೆಜಿಎಫ್‌ನ ಅಣ್ಣ ಒಬ್ಬರದ್ದು. ಅವರಪ್ಪ ಚಿನ್ನದ ಗಣಿ ಕಾರ್ಮಿಕ. 2001ರಲ್ಲಿ ಗಣಿ ಮುಚ್ಚಿದಾಗ ಮನೆಯಲ್ಲಿದ್ದ ಒಂದೊಂದೇ ಸಾಮಾನು ಮಾರಿದ್ರಂತೆ, ಇದನ್ನ ಮಾತ್ರ ಕೊಡಲಿಲ್ಲ. ಮದುವೆ ಬ್ಯಾಂಡು, ಕ್ರಿಸ್‌ಮಸ್ ಹಾಡು ಎಲ್ಲಕ್ಕೂ ಇದೇ. ಈಗ ಅಣ್ಣನಿಗೆ ಕೈ ನಡುಗುತ್ತೆ, ಎಡಗಿವಿ ಕೇಳಲ್ಲ. "ತಂಬಿ, ನಿಮ್ಮ ತಂಡದಲ್ಲಿ ಇಟ್ಕೋ" ಅಂತ ಕೊಟ್ರು.

ರಿಪೇರಿಗೆ ಬೆಂಗಳೂರಿನ ಒಂದು ಅಂಗಡಿಗೆ ತಗೊಂಡು ಹೋದೆ. ಆತ ಕೈಯಲ್ಲೂ ಹಿಡೀಲಿಲ್ಲ. "ಬಿಸಾಕಿ ಸಾರ್, ಹೊಸದು ತಗೊಳ್ಳಿ" ಅಂದ. ಫೋನಲ್ಲಿ ನಮ್ಮ ತಂಡದ ವಿಡಿಯೋ ತೋರಿಸಿದ್ರೆ, "ತಮಟೆಯವರಿಗೆ ಗಿಟಾರು ಯಾಕೆ ಸಾರ್?" ಅಂತ ನಕ್ಕ. 2017ರಲ್ಲಿ ಚೆನ್ನೈನಲ್ಲಿ ಪಾ. ರಂಜಿತ್ ಮುಂದೆ ನಿಂತು ಶುರು ಮಾಡಿಸಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್‌ನಲ್ಲಿ ಪರೈ, ಗಾನಾ ಹಾಡು, ಗಿಟಾರು ಒಂದೇ ವೇದಿಕೆ ಮೇಲಿದ್ವು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸು ಹತ್ತಿ ವಾಪಸ್ ಬಂದು ಅಣ್ಣನಿಗೆ ಫೋನ್ ಮಾಡಿದೆ.

ಅಲ್ಲಿಂದ ಹತ್ತು ದಿನ ಪಾಠ ನಡೀತು. ಅವರು ಬಲಗಿವಿಗೆ ಫೋನು ಒತ್ತಿಕೊಂಡು ಕೂರೋರು, ನಾನು ಇಲ್ಲಿ ಸ್ಕ್ರೂಡ್ರೈವರ್ ಹಿಡ್ಕೊಂಡು.

ಮೊದಲು ಆ ಕರಕರ. ವಾಲ್ಯೂಮ್, ಟೋನ್ ತಿರುಗಣೆಗಳ ಕೆಳಗೆ ಪಾಟ್ ಅಂತ ಇರುತ್ತೆ. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜುತ್ತಾ ಓಡಾಡೋ ಒಂದು ಲೋಹದ ನಾಲಿಗೆ. ಧೂಳು ಕೂತ್ರೆ ಕರಕರ, ಪಟ್ಟಿ ಸವೆದ್ರೆ ಸದ್ದೇ ಮಾಯ. ಮೆಕ್ಯಾನಿಕ್ ಶೆಡ್ಡಿನ ಎಣ್ಣೆ ಸ್ಪ್ರೇ ಹೊಡೀಬೇಡ, ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಇರೋ ಕಂಟ್ಯಾಕ್ಟ್ ಕ್ಲೀನರ್ ತಗೋ ಅಂದ್ರು. ಕಾಲುಗಳ ಪಕ್ಕದ ಸಂದಿಗೆ ಒಂದು ಚಿಮುಕು ಹೊಡೆದು, ಆ ಕಡೆ ಈ ಕಡೆ ಮೂವತ್ತು ಸಲ ತಿರುಗಿಸಿದೆ. ಟೋನ್ ಎರಡೂ ಬದುಕಿದ್ವು. ವಾಲ್ಯೂಮ್ ಪೂರ್ತಿ ಸವೆದಿತ್ತು. ಎಸ್.ಪಿ. ರೋಡಿಗೆ ಹೋಗಿ 250ಕೆ ಪಾಟ್ ತಂದೆ. ಬೆಸುಗೆ ಹಾಕಿ ನೋಡಿದ್ರೆ, ಅರ್ಧ ತಿರುಗಿಸಿದ್ರೂ ಸದ್ದು ಇಳಿಯಲ್ಲ, ಕೊನೇಲಿ ದಬಕ್ಕಂತ ಬೀಳುತ್ತೆ. ಅಣ್ಣ ನಕ್ಕರು. "ಬಿ ಅಂತ ಬರೆದಿರೋದು ತಂದಿದ್ದೀಯ, ಎ ಬೇಕು." ಬಿ ಅಂದ್ರೆ ಲೆಕ್ಕಕ್ಕೆ ಸರಿಯಾದ ಏರಿಳಿತ, ಎ ಅಂದ್ರೆ ಕಿವಿಗೆ ಸರಿಯಾದದ್ದು. ಮತ್ತೆ ಬಸ್ಸು, ಮತ್ತೆ ಎಸ್.ಪಿ. ರೋಡು.

ಆಮೇಲೂ ಗುಂಯ್ ಅಂತಿತ್ತು. ತಂತಿ ಮುಟ್ಟಿದ್ರೆ ಕಮ್ಮಿ ಆಗ್ಬೇಕು, ಆಗ್ತಿರಲಿಲ್ಲ. ಬ್ರಿಡ್ಜ್‌ನಿಂದ ಬರೋ ಅರ್ಥ್ ವೈರು ಬಿಟ್ಟುಹೋಗಿತ್ತು, ಬೆಸೆದೆ. ಮನುಷ್ಯ ಮುಟ್ಟಿದ್ರೆ ಸಮಾಧಾನ ಆಗೋ ವಾದ್ಯ ಕಣ್ರೀ, ಇದನ್ನ ಊರಿಗೆಲ್ಲ ತೋರಿಸ್ಬೇಕು!

ಕಷ್ಟದ ಕೆಲಸ ಕುತ್ತಿಗೆಯದ್ದು. ಆರು ತಂತಿ ಸೇರಿ 40 ಕೆ.ಜಿ.ಗೂ ಹೆಚ್ಚು ಎಳೀತವೆ. ಆ ಎಳೆತಕ್ಕೆ ಮರ ಮುಂದಕ್ಕೆ ಬಾಗದ ಹಾಗೆ ಒಳಗೆ ಒಂದು ಕಬ್ಬಿಣದ ಸರಳು, ಟ್ರಸ್ ರಾಡ್. ತಂತಿಯನ್ನ ಮೊದಲ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ ಹತ್ರ ಸಂದಿ ನೋಡ್ಬೇಕು. ಕಾಲು ಮಿಲಿಮೀಟರ್ ಇದ್ರೆ ಸಾಕು. ನಂದರಲ್ಲಿ ಎಟಿಎಂ ಕಾರ್ಡು ಸಲೀಸಾಗಿ ತೂರ್ತಿತ್ತು. ಅದಕ್ಕೇ ನೋಡಿ ಒತ್ತಿ ಒತ್ತಿ ಬೆರಳು ಬೊಬ್ಬೆ ಬರ್ತಿದ್ದದ್ದು.

ಅಲೆನ್ ಕೀ ಬಲಕ್ಕೆ ತಿರುಗಿಸಿದ್ರೆ ಸರಳು ಬಿಗಿಯಾಗಿ ಕುತ್ತಿಗೆ ನೆಟ್ಟಗಾಗುತ್ತೆ. ನಾನು ಒಂದೇ ಸಲ ಮುಗಿಸೋಣ ಅಂತಿದ್ದೆ. ಅಣ್ಣ ಬೈದ್ರು. "ತಂತಿ ಸಡಿಲ ಮಾಡು, ಕಾಲು ಸುತ್ತು ತಿರುಗಿಸು, ಮತ್ತೆ ಶ್ರುತಿ ಮಾಡಿ ಇಟ್ಬಿಡು. ನಾಳೆ ನೋಡು. ಮರಕ್ಕೂ ಟೈಮ್ ಬೇಕಲ್ವಾ ತಂಬಿ? ಬಲವಂತ ಮಾಡಿದ್ರೆ ಸರಳು ಕಿತ್ಕೊಂಡು ಬರುತ್ತೆ, ಆಮೇಲೆ ಒಲೆಗೇ." ನಾಲ್ಕು ದಿನ ಹಿಡೀತು.

ಅವರು ಹಾಗೆ ಹೇಳ್ತಿರುವಾಗ ನನಗೆ ತಾತ ನೆನಪಾಗ್ತಿದ್ದ. ನಮ್ಮ ತಾತ ಊರಿನ ತಮಟೆಯವನು. ಸಾವಿಗೂ ಜಾತ್ರೆಗೂ ಬಡೀಬೇಕು, ಕೂಲಿ ಅಂತ ಇಲ್ಲ, ಮಿಕ್ಕ ಅನ್ನ. ಅಪ್ಪ ದಸಂಸ ಸೇರಿದ ಮೇಲೆ, ಇನ್ನು ಮೇಲೆ ನಮ್ಮ ಮನೆಯವರು ಸಾವಿಗೆ ತಮಟೆ ಬಡಿಯಲ್ಲ ಅಂತ ಹೇಳಿ ಅದನ್ನ ಅಟ್ಟಕ್ಕೆ ಹಾಕಿದ್ರು. ಸರಿಯಾಗೇ ಮಾಡಿದ್ರು, ಇವತ್ತಿಗೂ ಅದನ್ನೇ ಹೇಳ್ತೀನಿ. ಆದ್ರೆ ತಮಟೆ ಜೊತೆ ತಾತನ ವಿದ್ಯೇನೂ ಅಟ್ಟ ಹತ್ತಿತು. ಥಂಡಿಗೆ ಸಡಿಲಾದ ಚರ್ಮವನ್ನ ಸೋಗೆ ಬೆಂಕಿಗೆ ಎಷ್ಟು ದೂರ ಹಿಡೀಬೇಕು, ಯಾವಾಗ ಎಳ್ಕೋಬೇಕು ಅನ್ನೋದನ್ನ ಬೆರಳಲ್ಲಿ ತಟ್ಟಿ ಕಿವಿಯಲ್ಲೇ ಅಳೆಯೋನು. ನನಗೆ ಕೇಳಬೇಕು ಅನ್ನಿಸೋ ಹೊತ್ತಿಗೆ ತಾತ ಇರಲಿಲ್ಲ. ಈಗ ನಮ್ಮ ತಂಡದಲ್ಲಿರೋದು ಫೈಬರ್ ತಮಟೆ. ಕಾಯಿಸೋ ಹಾಗೂ ಇಲ್ಲ, ಗೊತ್ತಿರೋರೂ ಇಲ್ಲ.

ಅದಕ್ಕೇ ಅಣ್ಣ ಹೇಳಿದ್ದನ್ನೆಲ್ಲ ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೀನಿ. ತಂಡದ ಇಬ್ಬರು ಹುಡುಗೀರು ಕೂತು ಕೇಳ್ತಿದ್ದಾರೆ, ಬೆಸುಗೆ ಹಾಕೋದ್ರಲ್ಲಿ ನನಗಿಂತ ಅವರದ್ದೇ ಚೆಂದ.

ನಿನ್ನೆ ರಾತ್ರಿ ಸ್ಪೀಕರ್ ಪಕ್ಕ ಫೋನಿಟ್ಟು ಅಣ್ಣನಿಗೆ ಒಂದು ಹಾಡು ನುಡಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದಪ್ಪ ತಂತಿ ಮೂರನೇ ಫ್ರೆಟ್ಟಲ್ಲಿ ಜಿರ್ ಅಂತಿದೆ ನೋಡು" ಅಂದ್ರು. ಹೌದು, ಅಂತಿದೆ. ಒಂದು ಕಿವಿಯಲ್ಲಿ, ಫೋನಲ್ಲಿ ಕೇಳಿ ಹೇಳಿದ್ರು.

ಫ್ರೆಟ್ ಉಜ್ಜೋ ಅರ ಯಾರ ಹತ್ರ ಆದ್ರೂ ಇದ್ರೆ ತಿಳಿಸಿ. ಎರಡು ದಿನ ಸಾಕು, ವಾಪಸ್ ಕೊಡ್ತೀನಿ.