ವತನ್ ಯಾವುದು?

ನಮಗೆ ಕ್ರಿಕೆಟ್ ಹೇಗೋ ಅಮೆರಿಕದವರಿಗೆ ಬೇಸ್‌ಬಾಲ್ ಹಾಗೆ. ಅಲ್ಲಿ ನ್ಯೂಯಾರ್ಕಿನ ಯಾಂಕೀಸ್ ಮತ್ತು ಬಾಸ್ಟನ್ನಿನ ರೆಡ್ ಸಾಕ್ಸ್ ತಂಡಗಳ ನಡುವೆ ನೂರು ವರ್ಷಗಳಿಂದ ಜಿದ್ದು ನಡೆದಿದೆ. ಹಾಗಿದ್ದೂ ಎರಡೂ ತಂಡಗಳಿಗೆ ಆಡಿದವರ ಪಟ್ಟಿ ಉದ್ದವಾಗಿಯೇ ಇದೆ. ಅವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಬೇಬ್ ರೂತ್ ಅವರದು. 1919ರ ಡಿಸೆಂಬರಿನಲ್ಲಿ ಬಾಸ್ಟನ್ ತಂಡದ ಮಾಲೀಕರು ಅವರನ್ನು ನ್ಯೂಯಾರ್ಕಿಗೆ ಮಾರಿಬಿಟ್ಟರು. ಆಮೇಲೆ ಬಾಸ್ಟನ್ 2004ರವರೆಗೆ ವರ್ಲ್ಡ್ ಸೀರೀಸ್ ಗೆಲ್ಲಲಿಲ್ಲ. ರೂತ್ ಅವರ ಶಾಪ ತಟ್ಟಿತು ಎಂದು ಅಲ್ಲಿಯ ಜನ ಹೇಳಿಕೊಂಡರು. 2004ರಲ್ಲಿ ಆ ತಂಡವನ್ನು ಗೆಲ್ಲಿಸಿದವರಲ್ಲಿ ಜಾನಿ ಡೇಮನ್ ಒಬ್ಬರು. ಮರುವರ್ಷದ ಕೊನೆಗೆ ಅವರೂ ಯಾಂಕೀಸ್ ಸೇರಿದರು. ಯಾಂಕೀಸ್‌ನಲ್ಲಿ ಆಗ ಗಡ್ಡ ಬಿಡುವಂತಿರಲಿಲ್ಲ. ಡೇಮನ್ ತಮ್ಮ ಉದ್ದ ಕೂದಲನ್ನು ಕತ್ತರಿಸಿ, ಗಡ್ಡ ಬೋಳಿಸಿ ಹೊಸ ಅಂಗಿ ತೊಟ್ಟರು. ಮತ್ತೆ ಬಾಸ್ಟನ್ನಿಗೆ ಆಡಲು ಬಂದಾಗ ಹಳೆಯ ಅಭಿಮಾನಿಗಳೇ ಅವರನ್ನು ಕೂಗಿ ಹೀಯಾಳಿಸಿದರು.

ಇದನ್ನೆಲ್ಲ ಓದುವಾಗ ನಮಗೆ ಸ್ವಲ್ಪ ನಗು, ಸ್ವಲ್ಪ ಅಸೂಯೆ. ಅಲ್ಲಿ ತಂಡ ಬದಲಿಸಿದರೆ ಬದಲಾಗುವುದು ಅಂಗಿ, ಸಂಬಳ, ಹೆಚ್ಚೆಂದರೆ ಗಡ್ಡ. ಪಾಸ್‌ಪೋರ್ಟ್ ಬದಲಾಗುವುದಿಲ್ಲ. ತಂಗಿಯ ಮನೆಗೆ ಹೋಗಲು ವೀಸಾ ಬೇಕಾಗುವುದಿಲ್ಲ. ನಮ್ಮ ಕಡೆಯೂ ಎರಡು ಎದುರಾಳಿ ತಂಡಗಳಿಗೆ ಆಡಿದವರು ಇದ್ದಾರೆ. ಭಾರತ ಮತ್ತು ಪಾಕಿಸ್ತಾನ ಎರಡಕ್ಕೂ ಟೆಸ್ಟ್ ಆಡಿದವರು ಮೂವರು: ಅಬ್ದುಲ್ ಹಫೀಜ್ ಕಾರ್ದಾರ್, ಅಮೀರ್ ಇಲಾಹಿ, ಗುಲ್ ಮುಹಮ್ಮದ್. ದಾಖಲೆ ಪುಸ್ತಕದಲ್ಲಿ ಮೂವರ ಹೆಸರಿನ ಮುಂದೆಯೂ ಅದೇ ಎರಡು ದೇಶಗಳ ಹೆಸರಿವೆ. ಆದರೆ ಮೂವರ ಕಥೆ ಒಂದೇ ಅಲ್ಲ.

ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಹೈಸ್ಕೂಲು ಸೇರಿದವರು. ಉರ್ದುವಿನಲ್ಲಿ ವತನ್ ಎಂದರೆ ದೇಶ ಎಂದು ಪುಸ್ತಕ ಹೇಳಿಕೊಟ್ಟಿತು. ಮನೆಯಲ್ಲಿ ಮಾತ್ರ ಆ ಶಬ್ದಕ್ಕೆ ಬೇರೆ ಅರ್ಥವಿತ್ತು. ಮೊಹಲ್ಲಾಕ್ಕೆ ಹೊಸಬರು ಯಾರು ಬಂದರೂ ನಮ್ಮ ನಾನಾ ಮೊದಲು ಕೇಳುತ್ತಿದ್ದ ಪ್ರಶ್ನೆ, ‘ತುಮಾರಾ ವತನ್ ಕೌನ್ಸಾ ಬಾವಾ?’ ಬಂದವರು ಸಿರಾ ಎನ್ನುತ್ತಿದ್ದರು, ಚಿಂತಾಮಣಿ ಎನ್ನುತ್ತಿದ್ದರು. ಹಿಂದೂಸ್ತಾನ್ ಎಂದು ಯಾರೂ ಉತ್ತರ ಕೊಟ್ಟದ್ದನ್ನು ನಾವು ಕೇಳಿಲ್ಲ. ಉತ್ತರ ಕರ್ನಾಟಕದ ಹಳೆಯ ಕಾಗದಪತ್ರಗಳಲ್ಲಿ ವತನ, ವತನದಾರ ಎಂಬ ಮಾತುಗಳಿವೆಯಲ್ಲ, ಅಲ್ಲಿಯೂ ವತನವೆಂದರೆ ಮನೆತನಕ್ಕೆ ಅಂಟಿಕೊಂಡು ಬಂದ ಹಕ್ಕು, ನೆಲ.

ಆ ಅರ್ಥದಲ್ಲಿ ಕೇಳಿದ್ದರೆ ಈ ಮೂವರೂ ಒಂದೇ ಉತ್ತರ ಕೊಡುತ್ತಿದ್ದರು. ಮೂವರೂ ಲಾಹೋರಿನಲ್ಲಿ ಹುಟ್ಟಿದವರು.

ಕಾರ್ದಾರ್ 1946ರಲ್ಲಿ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದಾಗ ಅವರಿಗೆ ಇಪ್ಪತ್ತೊಂದು ವರ್ಷ. ಆಗಿನ ಸ್ಕೋರ್‌ಕಾರ್ಡಿನಲ್ಲಿ ಅವರು ಬರೀ ಅಬ್ದುಲ್ ಹಫೀಜ್. ಭಾರತಕ್ಕೆ ಮೂರು ಟೆಸ್ಟ್ ಆಡಿದರು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಓದುತ್ತ ಅಲ್ಲಿಯ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. ಅಷ್ಟರಲ್ಲಿ ಅವರು ಬಿಟ್ಟುಬಂದ ದೇಶ ಎರಡಾಗಿತ್ತು, ಹುಟ್ಟಿದ ಊರು ಆಚೆ ಕಡೆಗೆ ಸೇರಿತ್ತು. ಪಾಕಿಸ್ತಾನ ಆಡಿದ ಮೊದಲ 23 ಟೆಸ್ಟ್‌ಗಳಿಗೂ ಅವರೇ ನಾಯಕರಾದರು.

ಅಮೀರ್ ಇಲಾಹಿ ಇವರಿಗಿಂತ ಹದಿನಾರು ವರ್ಷ ಹಿರಿಯರು. 1936ರಲ್ಲಿಯೇ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋಗಿದ್ದರು, ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. ಕಾದು ಕಾದು ಕಡೆಗೆ ಸಿಕ್ಕಿದ್ದು 1947ರ ಡಿಸೆಂಬರಿನಲ್ಲಿ, ಸಿಡ್ನಿಯಲ್ಲಿ. ಆ ತಿಂಗಳನ್ನು ಗಮನಿಸಬೇಕು. ದೇಶ ಒಡೆದು ನಾಲ್ಕು ತಿಂಗಳಾಗಿತ್ತು. ಲಾಹೋರಿನಲ್ಲಿ ಹುಟ್ಟಿದ ಮೂವತ್ತೊಂಬತ್ತು ವರ್ಷದ ಈ ಮನುಷ್ಯ ಆಗ ಭಾರತದ ಟೋಪಿ ಹಾಕಿಕೊಂಡು ಆಡಿದರು. ಐದು ವರ್ಷಗಳ ನಂತರ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಪಾಕಿಸ್ತಾನದ ಆಟಗಾರರಾಗಿ ಭಾರತಕ್ಕೆ ಬಂದರು. ಮದ್ರಾಸಿನ ಟೆಸ್ಟಿನಲ್ಲಿ ಕೊನೆಯ ವಿಕೆಟಿಗೆ ಜುಲ್ಫಿಕರ್ ಅಹ್ಮದ್ ಜೊತೆ 104 ರನ್ ಸೇರಿಸಿದರು. ಅದರಲ್ಲಿ ಇವರದು 47.

ಗುಲ್ ಮುಹಮ್ಮದರ ಕಥೆ ಇನ್ನೂ ಬೇರೆ. 1947ರ ಮಾರ್ಚಿನಲ್ಲಿ ಪಂಜಾಬು ಹೊತ್ತಿ ಉರಿಯುತ್ತಿದ್ದಾಗ ಅವರು ಬರೋಡದಲ್ಲಿ ರಣಜಿ ಫೈನಲ್ ಆಡುತ್ತಿದ್ದರು. ಹೋಳ್ಕರ್ ತಂಡದ ವಿರುದ್ಧ ಆ ಪಂದ್ಯದಲ್ಲಿ ವಿಜಯ್ ಹಜಾರೆ ಮತ್ತು ಅವರು ನಾಲ್ಕನೆಯ ವಿಕೆಟಿಗೆ 577 ರನ್ ಸೇರಿಸಿದರು. ಹಜಾರೆ 288, ಗುಲ್ ಮುಹಮ್ಮದ್ 319. ಮೊದಲ ದರ್ಜೆಯ ಕ್ರಿಕೆಟಿನಲ್ಲಿ ಯಾವುದೇ ವಿಕೆಟಿಗೆ ಅದಕ್ಕಿಂತ ದೊಡ್ಡ ಜೊತೆಯಾಟ ಬರಲು 2006ರವರೆಗೆ ಕಾಯಬೇಕಾಯಿತು. ವಿಭಜನೆಯ ನಂತರವೂ ಅವರು ಭಾರತಕ್ಕೇ ಆಡಿದರು. ಪಾಕಿಸ್ತಾನಕ್ಕೆ ಹೋದದ್ದು ಐವತ್ತರ ದಶಕದ ಮಧ್ಯದಲ್ಲಿ. ಆ ದೇಶಕ್ಕೆ ಆಡಿದ್ದು ಒಂದೇ ಒಂದು ಟೆಸ್ಟ್. 1956ರ ಅಕ್ಟೋಬರಿನಲ್ಲಿ ಕರಾಚಿಯಲ್ಲಿ ಪಾಕಿಸ್ತಾನ ಆಸ್ಟ್ರೇಲಿಯವನ್ನು ಒಂಬತ್ತು ವಿಕೆಟುಗಳಿಂದ ಸೋಲಿಸಿದಾಗ ಕ್ರೀಸಿನಲ್ಲಿ ಔಟಾಗದೆ ನಿಂತಿದ್ದ ಇಬ್ಬರಲ್ಲಿ ಅವರೊಬ್ಬರು.

1952ರ ಅಕ್ಟೋಬರ್ 16ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಈ ಎರಡು ದೇಶಗಳು ಮೊಟ್ಟಮೊದಲ ಬಾರಿ ಟೆಸ್ಟ್ ಪಂದ್ಯಕ್ಕೆ ಇಳಿದವು. ಅಂದು ಈ ಮೂವರೂ ಅಂಗಳದಲ್ಲಿದ್ದರು. ಪಾಕಿಸ್ತಾನದ ನಾಯಕ ಕಾರ್ದಾರ್. ಅವರ ತಂಡದಲ್ಲಿ ಅಮೀರ್ ಇಲಾಹಿ. ಭಾರತದ ತಂಡದಲ್ಲಿ ಗುಲ್ ಮುಹಮ್ಮದ್. ಭಾರತದ ನಾಯಕ ಲಾಲಾ ಅಮರನಾಥ್ ಕೂಡ ಲಾಹೋರಿನಲ್ಲೇ ಬೆಳೆದವರು. ಆರು ವರ್ಷಗಳ ಹಿಂದೆ ಲಾರ್ಡ್ಸ್‌ನಲ್ಲಿ ಕಾರ್ದಾರ್, ಗುಲ್ ಮುಹಮ್ಮದ್, ಅಮರನಾಥ್ ಒಂದೇ ತಂಡದಲ್ಲಿ ಆಡಿದ್ದರು. ಅವರ ಅಂದಿನ ನಾಯಕ ಪಟೌಡಿಯ ನವಾಬ ಇಫ್ತಿಕಾರ್ ಅಲಿ ಖಾನ್. ಅವರು ಅದಕ್ಕೂ ಮೊದಲು ಇಂಗ್ಲೆಂಡಿಗೆ ಆಡಿ, ಸಿಡ್ನಿಯಲ್ಲಿ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದವರು! ಲಾರ್ಡ್ಸ್‌ನ ಆ ಹನ್ನೊಂದು ಮಂದಿಯ ಪಟ್ಟಿಯಲ್ಲಿ ಎರಡು ದೇಶಗಳಿಗೆ ಆಡಿದವರು, ಆಡಲಿದ್ದವರು ಮೂವರು ಇದ್ದರೆಂದಾಯಿತು.

ನಾಲ್ಕನೆಯವರೂ ಒಬ್ಬರು ಆಗಬಹುದಿತ್ತು. 1947ರ ಆಸ್ಟ್ರೇಲಿಯ ಪ್ರವಾಸಕ್ಕೆ ಆಯ್ಕೆಯಾಗಿದ್ದ ಫಝಲ್ ಮಹಮೂದ್ ಆ ಆಗಸ್ಟಿನಲ್ಲಿ ಪುಣೆಯ ತರಬೇತಿ ಶಿಬಿರದಲ್ಲಿದ್ದರು. ಅಲ್ಲಿಂದ ಮುಂಬಯಿಗೆ ರೈಲಿನಲ್ಲಿ ಹೋಗುವಾಗ ಕೆಲವರು ಅವರ ಮೇಲೆ ಬೀಳಲು ಬಂದರು. ಆಗ ಬ್ಯಾಟು ಹಿಡಿದು ಅಡ್ಡ ನಿಂತವರು ಸಿ.ಕೆ. ನಾಯುಡು. ಇದನ್ನು ಫಝಲ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹೇಗೋ ಲಾಹೋರು ಮುಟ್ಟಿದ ಅವರು ಮತ್ತೆ ಭಾರತದ ತಂಡ ಸೇರಲಿಲ್ಲ. ಐದು ವರ್ಷಗಳ ನಂತರ ಲಖನೌದಲ್ಲಿ ಪಾಕಿಸ್ತಾನದ ಪರವಾಗಿ ಹನ್ನೆರಡು ವಿಕೆಟ್ ಕಿತ್ತು ಭಾರತವನ್ನು ಸೋಲಿಸಿದರು.

ಇನ್ನು ನಮ್ಮ ಮಾತಿಗೆ ಬರೋಣ. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆದಾಗ ನಾವು ಹೈಸ್ಕೂಲು ಹುಡುಗರು. ಪೇಟೆಯ ಟೀವಿ ಅಂಗಡಿಯ ಮುಂದೆ ಊರೇ ನಿಂತಿತ್ತು. ಆಮೀರ್ ಸೊಹೇಲ್ ಬೌಂಡರಿ ಹೊಡೆದು ನಮ್ಮ ವೆಂಕಟೇಶ್ ಪ್ರಸಾದರಿಗೆ ಬ್ಯಾಟು ತೋರಿಸಿದ್ದು, ಮರುಚೆಂಡಿಗೇ ಸ್ಟಂಪು ಹಾರಿದ್ದು ಎಲ್ಲರಿಗೂ ನೆನಪಿದೆ. ನಾವೂ ಕುಣಿದೆವು, ಗಂಟಲು ಕಟ್ಟುವಷ್ಟು ಕೂಗಿದೆವು. ಮಾರನೆಯ ಬೆಳಿಗ್ಗೆ ದಾರಿಯಲ್ಲಿ ಸಿಕ್ಕ ಒಬ್ಬ ಹಿರಿಯರು ನಗುತ್ತಲೇ ಕೇಳಿದರು, ‘ಏನ್ರೋ, ನಿಮ್ಮ ಟೀಮು ಸೋತುಹೋಯ್ತಲ್ಲ?’ ಅವರು ಕೆಟ್ಟವರೇನಲ್ಲ. ನಮ್ಮ ಅಬ್ಬಾನಿಗೆ ಕಷ್ಟಕಾಲದಲ್ಲಿ ಸಾಲ ಕೊಟ್ಟವರು. ಅದಕ್ಕೇ ಆ ಮಾತು ಇನ್ನೂ ಒಳಗೆ ಉಳಿದಿದೆ. ಕಟ್ಟಿದ ಗಂಟಲಿನಲ್ಲಿ ನಮಗೆ ಉತ್ತರ ಹೊರಡಲಿಲ್ಲ.

ವಾಸಿಂ ಅಕ್ರಮ್ ಬೌಲಿಂಗಿಗೆ ಮರುಳಾದವರು ನಮ್ಮ ಮೊಹಲ್ಲಾದಲ್ಲಿ ಇರಲಿಲ್ಲವೆಂದಲ್ಲ, ಇದ್ದರು. ಪಕ್ಕದ ಬ್ರಾಹ್ಮಣರ ಬೀದಿಯಲ್ಲೂ ಇದ್ದರು. ಅಲ್ಲಿಯವರದು ಆಟದ ಮೋಹ ಎನಿಸಿಕೊಂಡಿತು, ನಮ್ಮವರದು ಬೇರೆ ಏನೋ ಎನಿಸಿಕೊಂಡಿತು. ‘ನಿಮ್ಮದು ಯಾವ ಟೀಮು?’ ಎಂದು ಕೇಳುವವರ ಬಳಿ ಉತ್ತರ ಮೊದಲೇ ಸಿದ್ಧವಿರುತ್ತದೆ. ಅಂಥವರ ಮುಂದೆ ಗುಲ್ ಮುಹಮ್ಮದರನ್ನು ನಿಲ್ಲಿಸಿ ನೋಡಬೇಕು. 1952ರಲ್ಲಿ ದೆಹಲಿಯಲ್ಲಿ ಅವರು ಪಾಕಿಸ್ತಾನವನ್ನು ಸೋಲಿಸಿದ ತಂಡದಲ್ಲಿದ್ದರು, 1956ರಲ್ಲಿ ಕರಾಚಿಯಲ್ಲಿ ಪಾಕಿಸ್ತಾನವನ್ನು ಗೆಲ್ಲಿಸಿದರು. ಯಾವ ದಿನ ಅವರು ಪ್ರಾಮಾಣಿಕರಾಗಿದ್ದರು? ನಮಗನಿಸುವಂತೆ ಎರಡೂ ದಿನ. ಹಾಗೆಂದು ನಂಬುವುದು ಕಷ್ಟವೆನಿಸಿದರೆ ದೋಷ ಅವರ ಆಟದ್ದಲ್ಲ.

ನಮ್ಮ ಬೆಂಗಳೂರು 1979ರ ನವೆಂಬರಿನಲ್ಲಿಯೂ ಇಂಥದೊಂದನ್ನು ಕಂಡಿತ್ತು. ಭಾರತ ಪ್ರವಾಸದ ಮೊದಲ ಟೆಸ್ಟಿಗೆ ಬಂದಿದ್ದ ಪಾಕಿಸ್ತಾನದ ನಾಯಕ ಆಸಿಫ್ ಇಕ್ಬಾಲ್. ಹೈದರಾಬಾದಿನಲ್ಲಿ ಹುಟ್ಟಿ, ಆ ಊರಿನ ತಂಡಕ್ಕೆ ರಣಜಿ ಆಡಿ, 1961ರಲ್ಲಿ ಪಾಕಿಸ್ತಾನಕ್ಕೆ ಹೋದವರು. ಅವರು ಬ್ಯಾಟು ಹಿಡಿದು ನಿಂತಾಗ ಹಿಂದೆ ಭಾರತದ ಕೀಪರ್ ಆಗಿ ಕೂತಿದ್ದವರು ಬೆಂಗಳೂರಿನ ಸಯ್ಯದ್ ಕಿರ್ಮಾನಿ. ಒಬ್ಬರು ಹೋದವರು, ಒಬ್ಬರು ಉಳಿದವರು. ಹೋಗುವುದಕ್ಕೆ ಆಸಿಫರಿಗೆ ಅವರದೇ ಕಾರಣಗಳಿದ್ದವು. ಉಳಿದವರ ಮನೆಗಳಲ್ಲಿ ಮಾತ್ರ ಕಾರಣ ಹೇಳುವ ಅಗತ್ಯವೇ ಇರಲಿಲ್ಲ, ಏಕೆಂದರೆ ಅವರು ಇದ್ದಲ್ಲೇ ಇದ್ದರು. ನಮ್ಮ ನಾನಾ ಉಳಿದದ್ದೂ ಹಾಗೆಯೇ. ಅಂಗಡಿ, ಮಸೀದಿ, ಅಪ್ಪ ಅಮ್ಮನ ಗೋರಿಗಳು ಎಲ್ಲ ಇಲ್ಲಿದ್ದವು.

1955ರ ಆರಂಭದಲ್ಲಿ ಲಾಹೋರಿನಲ್ಲಿ ಭಾರತ–ಪಾಕಿಸ್ತಾನ ಟೆಸ್ಟ್ ನಡೆದಾಗ ಗಡಿಯನ್ನು ತೆರೆದಿದ್ದರು. ಭಾರತದ ಕಡೆಯಿಂದ ಸಾವಿರಾರು ಮಂದಿ ಬೆಳಿಗ್ಗೆ ವಾಘಾ ದಾಟಿ ಹೋಗಿ, ಆಟ ನೋಡಿ, ರಾತ್ರಿ ಹಿಂತಿರುಗುತ್ತಿದ್ದರು. ಭಾರತ ತಂಡದ ಮ್ಯಾನೇಜರ್ ಆಗಿ ಅಮರನಾಥರೂ ತಾವು ಬೆಳೆದ ಊರಿಗೆ ಬಂದಿದ್ದರು. ಹೀಗೆ ಹೋದವರಲ್ಲಿ ಎಷ್ಟೋ ಮಂದಿ ಊಟದ ವಿರಾಮದಲ್ಲಿ ಸ್ಟೇಡಿಯಂ ಬಿಟ್ಟು ತಾವು ಹುಟ್ಟಿದ ಓಣಿಯನ್ನು ಹುಡುಕಿಕೊಂಡು ಹೋಗಿರಬೇಕು. ಅವರಲ್ಲಿ ಯಾರಾದರೂ ನಮ್ಮ ನಾನಾನ ಅಂಗಡಿಗೆ ಬಂದಿದ್ದರೆ ಅವರು ಕೇಳುತ್ತಿದ್ದುದು ಅದೇ ಒಂದು ಪ್ರಶ್ನೆ. ಬಂದವರು ‘ಲಾಹೋರ್’ ಎಂದಿದ್ದರೆ ನಾನಾ ತಲೆಯಾಡಿಸಿ, ಬಹಳ ದೂರದಿಂದ ಬಂದಿದ್ದೀರಿ ಎನ್ನುತ್ತ ಎದುರಿನ ಹೋಟೆಲಿನಿಂದ ಚಹಾ ತರಿಸುತ್ತಿದ್ದರು.