ನೆಲ ಡೊಂಕೋ, ಕುಣಿತ ಡೊಂಕೋ?

ವೈದ್ಯರು ಕೂಟದ ಪತ್ರಿಕೆಗೆ ಬರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಷ್ಟೇ ಎಂದು ಓದುಗರು ಪುಟ ತಿರುಗಿಸಬೇಕಾಗಿಲ್ಲ. ಈ ಸಲದ ವಿಷಯ ಕಂಪ್ಯೂಟರ್ ಆಟ. ‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರೂ. ಆಡಿದ್ದೂ ಇಬ್ಬರು, ಸೋತದ್ದೂ ಇಬ್ಬರು.

2020ರ ಏಪ್ರಿಲ್. ಕೋವಿಡ್ ವಾರ್ಡಿನಿಂದ ಬಂದು ನಾವಿಬ್ಬರೂ ಬೇಸ್‌ಮೆಂಟಿನಲ್ಲೇ ಇರುತ್ತಿದ್ದೆವು. ಕಾಲೇಜು ಮುಚ್ಚಿ ಮನೆಗೆ ಬಂದಿದ್ದ ಮಗ ಮೇಲೆ. ಅನ್ನ ಸಾರು ಮಾಡಿ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಒಂದೇ ಮನೆಯಲ್ಲಿದ್ದೂ ಹತ್ತಿರ ಕೂರುವಂತಿಲ್ಲ. ಕೊನೆಗೆ ಅವನೇ ಒಂದು ದಾರಿ ಹುಡುಕಿದ: ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. 2004ರ ಆಟ, ಅದರ ಹಳೆಯ ರೂಪವನ್ನು 2019ರಲ್ಲಿ ‘ಕ್ಲಾಸಿಕ್’ ಎಂದು ಮತ್ತೆ ತಂದಿದ್ದರು. ಅದರಲ್ಲಿ 9 ಬಗೆಯ ಪಾತ್ರಗಳು. ಒಂದೊಂದು ಬಗೆಗೂ ‘ಕ್ಲಾಸ್’ ಎನ್ನುತ್ತಾರೆ. ಮಗ ಮಾಂತ್ರಿಕನಾದ. ಗದೆ ಹಿಡಿದವನೇ ಗಟ್ಟಿ ಎಂದು ನಾವು ಯೋಧನಾದೆವು. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈಯಲ್ಲಿ ಕೀಬೋರ್ಡ್.

ಜೂನ್ ಹೊತ್ತಿಗೆ ಅವನೊಡನೆ ದ್ವಂದ್ವಯುದ್ಧಕ್ಕೆ ನಿಂತೆವು. ಅಲ್ಲಿ ದ್ವಂದ್ವದಲ್ಲಿ ಯಾರೂ ಸಾಯುವುದಿಲ್ಲ; ಪ್ರಾಣ ಕೊನೆಯ ಹನಿಗೆ ಬಂದಾಗ ಆಟ ನಿಲ್ಲುತ್ತದೆ. ಆಗ ನಮಗೆ ಅದೇ ಒಂದು ಸಮಾಧಾನ. ಆದರೆ 10ಕ್ಕೆ 10 ಸೋತೆವು. ನಾವು ನುಗ್ಗಿ ಹತ್ತಿರ ಹೋದರೆ ಅವನು ನಮ್ಮ ಕಾಲಿಗೆ ಹಿಮ ಕಟ್ಟಿ, ಒಂದೇ ನೆಗೆತಕ್ಕೆ 20 ಗಜ ದೂರ ಹೋಗಿ, ಅಲ್ಲಿಂದ ಹೊಡೆಯುತ್ತಿದ್ದ. ತಪ್ಪಿಸಿಕೊಂಡರೆ ಮಂತ್ರ ಹಾಕಿ ಕುರಿ ಮಾಡಿಬಿಡುತ್ತಿದ್ದ. “ನಿನ್ನ ಕ್ಲಾಸಿಗೇ ಬಲ ಜಾಸ್ತಿ, ಇದು ಅನ್ಯಾಯ” ಎಂದೆವು. ಫೋನಿನಲ್ಲಿ ಅವನು ತನ್ನ ಅರೆಬರೆ ಕನ್ನಡದಲ್ಲಿ, “ಕುಣಿಯೋಕೆ ಬರದೇ ಇರೋರು ನೆಲ ಡೊಂಕು ಅಂದ್ರು, ಅಲ್ವಾ?” ಎಂದ. ಅವನ ಅಂಕ ಕಡಿಮೆಯಾದಾಗಲೆಲ್ಲ ನಾವೇ ಹೇಳುತ್ತಿದ್ದ ಗಾದೆ.

ವೈದ್ಯರಲ್ಲವೇ, ಪರೀಕ್ಷೆ ಮಾಡಿಯೇ ನೋಡೋಣ ಎಂದು ಪಾತ್ರ ಅದಲುಬದಲು ಮಾಡಿಕೊಂಡೆವು. ಎರಡು ಔಷಧಿಗಳನ್ನು ಹೋಲಿಸುವಾಗ ಒಂದೇ ರೋಗಿಗೆ ಸರದಿಯಲ್ಲಿ ಎರಡನ್ನೂ ಕೊಟ್ಟು ನೋಡುವ ಪದ್ಧತಿಯಿದೆ, ಹಾಗೆ. ಮಾಂತ್ರಿಕರಾಗಿ ನಾವು 10ರಲ್ಲಿ 3 ಗೆದ್ದೆವು. ಅಂದರೆ ನೆಲ ಡೊಂಕಿದ್ದದ್ದು ನಿಜ. ಆದರೆ ಏರುಗಡೆ ನಿಂತೂ 7 ಸೋತೆವಲ್ಲ, ಅದು ನಮ್ಮ ಕುಣಿತವೇ. ಯೋಧನಾಗಿ ಹೇಗೆ ಗೆದ್ದೆ ಎಂದು ಕೇಳಿದರೆ, 30 ಸೆಕೆಂಡು ಕಾಲು ಕಟ್ಟಿಹೋಗದಂತೆ ತಡೆಯುವ ಮದ್ದೊಂದಿದೆ, ಅದನ್ನು ಮೊದಲೇ ಕುಡಿದು ಬರುತ್ತಿದ್ದೆ ಎಂದ. ಲಸಿಕೆ ಹಾಕಿಸಿಕೊಳ್ಳಿ ಎಂದು ಊರಿಗೆಲ್ಲ ಹೇಳುವ ನಮಗೆ ಅದು ಹೊಳೆದಿರಲಿಲ್ಲ!

ಆ ರಾತ್ರಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಮೈಸೂರಿನಲ್ಲಿ ಒಂದೇ ತರಗತಿಯಲ್ಲಿ ಎಂ.ಬಿ.ಬಿ.ಎಸ್. ಓದಿದವರು, ಅಂಕಗಳೂ ಹೆಚ್ಚುಕಡಿಮೆ ಸಮ. ಇಲ್ಲಿಗೆ ಬಂದಾಗ ಒಬ್ಬರಿಗೆ ಮೊದಲ ವರ್ಷವೇ ರೆಸಿಡೆನ್ಸಿ ಸಿಕ್ಕಿತು. ಇನ್ನೊಬ್ಬರು ಮೂರು ವರ್ಷ ಕಾದರು. “ಹೊರದೇಶದ ಪದವಿ ಅಂತ ಅರ್ಜಿ ಓದದೇ ಬದಿಗಿಡುತ್ತಾರೆ” ಎಂದು ಕಾದವರು ಹೇಳಿದಾಗ, ಸಿಕ್ಕವರು ಇದೇ ಗಾದೆ ಹೇಳಿದ್ದರು. 1998ರ ಮಾತು. ಯಾರು ಯಾರಿಗೆ ಎಂದು ಇಲ್ಲಿ ಬರೆಯುವುದಿಲ್ಲ. ಸಿಕ್ಕವರಿಗೆ ಪರಿಚಯದ ಹಿರಿಯ ವೈದ್ಯರೊಬ್ಬರ ಪತ್ರವಿತ್ತು, ಕಾದವರಿಗೆ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಗೆದ್ದವರಿಗೆ ತಮ್ಮ ಕುಣಿತ ಕಾಣುತ್ತದೆ, ಸೋತವರಿಗೆ ನೆಲ ಕಾಣುತ್ತದೆ. ಅದಲುಬದಲು ಮಾಡಿ ನೋಡಲು ಆಗ ನಮಗೆ ಅವಕಾಶವಿರಲಿಲ್ಲ. 22 ವರ್ಷದ ಮೇಲೆ, ಆ ಬೇಸ್‌ಮೆಂಟಿನಲ್ಲಿ, “ತಪ್ಪಾಯಿತು” ಎಂಬ ಮಾತು ಬಂತು.

ಮಗ ಆಮೇಲೆ ಇನ್ನೊಂದು ವಿಷಯ ಹೇಳಿದ. ಈ ಯೋಧ ಒಂಟಿಯಾಗಿ ಸಿಕ್ಕರೆ ಮಾಂತ್ರಿಕನ ಕೈಯಲ್ಲಿ ಆಟಿಕೆ. ಅದೇ 10 ಜನರ ತಂಡದಲ್ಲಿ, ಗಾಯ ಮಾಯಿಸುವವರೊಬ್ಬರು ಹಿಂದೆ ನಿಂತರೆ ಅವನನ್ನು ತಡೆಯುವುದು ಕಷ್ಟ. ಬಲಾಬಲದ ಲೆಕ್ಕ ಒಂಟಿ ಕಾಳಗದಲ್ಲಿ ತಿಳಿಯುವುದಿಲ್ಲ.

ಈಗ ನಾವು ಎರಡು ಪಾತ್ರ ಇಟ್ಟುಕೊಂಡಿದ್ದೇವೆ: ಒಬ್ಬರು ಯೋಧ, ಇನ್ನೊಬ್ಬರು ಗಾಯ ಮಾಯಿಸುವವರು. ಮಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ಸಂಜೆ ಮೂವರೂ ಆಟದಲ್ಲಿ ಸೇರುತ್ತೇವೆ. ಕೂಟದ ಸದಸ್ಯರಲ್ಲಿ ಆಡುವವರಿದ್ದರೆ ನೀವೂ ಬನ್ನಿ. ಸೋತರೆ ಸೋಲೋಣ, ಗಾದೆ ಮಾತ್ರ ಹೇಳಬೇಡಿ.